ಹತ್ತರ ಅಂಕಿ ಇಲ್ಲದ ನಾಗರ

ಸ್ಪಿರಿಟ್ಟಿನ ವಾಸನೆ ಮೂಗಿಗೆ ಬಡಿದರೆ ಸಾಕು, ನನಗೆ ಸಿಟ್ಟು ಬರುತ್ತದೆ. ದವಾಖಾನೆಯಲ್ಲಿ ನರ್ಸಬಾಯಿ ಹತ್ತಿಯ ಉಂಡೆಯನ್ನು ಅದರಲ್ಲಿ ಅದ್ದಿ ತೋಳಿಗೆ ಒರೆಸುವಾಗ ನನ್ನ ಓರಗೆಯ ಮುದುಕಿಯರು ಸೂಜಿಗೆ ಹೆದರಿ ಮುಖ ಹೊರಳಿಸುತ್ತಾರೆ. ನಾನು ಹಲ್ಲು ಕಚ್ಚುತ್ತೇನೆ. ನೋವಾಯಿತೇ ಎಂದು ಆ ಹುಡುಗಿ ಕೇಳುತ್ತಾಳೆ. ಇಲ್ಲವ್ವ ಎನ್ನುತ್ತೇನೆ. ಸೊಲ್ಲಾಪುರದ ನವಿ ಪೇಠೆಯ ಒಂದು ಮಾಳಿಗೆ ಮನೆ, ಅಲ್ಲಿ ಗೋಡೆಗುಂಟ ಸಾಲಾಗಿ ನಿಂತ ಗಾಜಿನ ಬರಣಿಗಳು, ಅವುಗಳ ನಡುವೆ ಒಂದು ಖಾಲಿ ಬರಣಿ, ಅದನ್ನು ಖಾಲಿಯೇ ಉಳಿಸಿ ಹೋದ ನನ್ನ ಭೀಮೂಕಾಕಾ, ಇದನ್ನೆಲ್ಲ ಸೂಜಿ ಹಿಡಿದು ನಿಂತವಳಿಗೆ ಹೇಗೆ ಹೇಳುವುದು? ನಿಮಗೆ ಹೇಳಬಹುದು. ನಿಮ್ಮ ಮನೆಯಲ್ಲೂ ಇಂಥವರೊಬ್ಬರು ಇದ್ದಿರಬೇಕು, ಕೈಗೆ ಬಂದದ್ದನ್ನು ಬಿಟ್ಟುಕೊಟ್ಟು ಮನೆಮಂದಿಯ ಹೊಟ್ಟೆ ಉರಿಸಿದವರು. ಅವರು ಹೋದ ಮೇಲೂ ಅವರ ಮೇಲಿನ ಸಿಟ್ಟು ಇಳಿಯದೆ ಉಳಿದಿರಬೇಕು.

ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ಇಂಗ್ರೇಜಿ ಹತ್ತೊಂಬತ್ತುನೂರಾ ಮೂವತ್ತರ ಆಚೀಚೆಯ ವರ್ಷಗಳಲ್ಲಿ ಸೊಲ್ಲಾಪುರದ ಒಂದು ಹೈಸ್ಕೂಲಿನಲ್ಲಿ ಸೈನ್ಸ್ ಮಾಸ್ತರನಾಗಿದ್ದ. ನಮ್ಮ ಹೊಲಮನೆ ಇದ್ದದ್ದು ಅಕ್ಕಲಕೋಟೆ ಕಡೆಯ ತಡವಳದಲ್ಲಿ. ಹೆಣ್ಣುಮಗಳಿಗೂ ನಾಲ್ಕಕ್ಷರ ಬರಲಿ ಎಂದು ಅಪ್ಪ ನನ್ನನ್ನು ಕಾಕಾನ ಮನೆಯಲ್ಲಿ ಬಿಟ್ಟಿದ್ದ. ಕೆಳಗೆ ಬಟ್ಟೆ ಅಂಗಡಿ, ಮೇಲೆ ನಾವು. ಬೆಳಿಗ್ಗೆ ಅಂಗಡಿಯವರು ಬಾಗಿಲು ತೆಗೆದ ಕೂಡಲೇ ಹೊಸ ಧೋತರಗಳ ಗಂಜಿಯ ವಾಸನೆ ಮೆಟ್ಟಿಲು ಹತ್ತಿ ಬರುತ್ತಿತ್ತು. ಕಾಕಾನ ಹೆಂಡತಿ ಕಾಕುನ ಒಲೆಯಿಂದ ಶೇಂಗಾ ಹುರಿದ ಘಮ ಅದಕ್ಕೆ ಎದುರಾಗಿ ಇಳಿಯುತ್ತಿತ್ತು. ಎರಡನ್ನೂ ಹಿಂದೆ ಹಾಕಿ ಕಾಕಾನ ಖೋಲಿಯ ಸ್ಪಿರಿಟ್ಟು ಮನೆಯನ್ನೆಲ್ಲ ತುಂಬುತ್ತಿತ್ತು. ಅವನ ಬರಣಿಗಳಲ್ಲಿ ಚೇಳು, ಹಲ್ಲಿ, ಕಪ್ಪೆ, ಒಂದು ಬಾವಲಿಯ ಮರಿ. ಎಲ್ಲವೂ ತಾವಾಗಿಯೇ ಸತ್ತವು. ಕಾಲೇಜಿಗೆ ಹೋಗುವಾಗ ಅವನು ತನ್ನ ತಾಯಿಗೆ, ಅಂದರೆ ನಮ್ಮ ಆಯಿಗೆ, ಯಾವ ಜೀವವನ್ನೂ ಕೈಯಾರೆ ಕೊಲ್ಲುವುದಿಲ್ಲವೆಂದು ಮಾತು ಕೊಟ್ಟಿದ್ದ. ಪ್ರಾಣಿಶಾಸ್ತ್ರ ಓದುವವನು ಕೊಡುವ ಮಾತೇ ಇದು? ಬಿಳಿಯರು ಬಂದೂಕು ಹೆಗಲಿಗೇರಿಸಿ ಅಡವಿ ಹೊಕ್ಕು ಆ ಶಾಸ್ತ್ರ ಕಟ್ಟಿದ್ದರು. ನಮ್ಮವನು ದೀಪದ ಬುಡದಲ್ಲಿ ಬಿದ್ದ ಹುಳ ಹೆಕ್ಕಿ ಕಟ್ಟಲು ಹೊರಟಿದ್ದ. ನನ್ನ ಅಕ್ಷರ ದುಂಡಗಿತ್ತೆಂದು ಬರಣಿಗಳ ಚೀಟಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಒಂದು ಸಾಲು ಕನ್ನಡದ ಹೆಸರು, ಒಂದು ಸಾಲು ಮರಾಠಿಯದು, ಮೂರನೆಯ ಸಾಲು ಲ್ಯಾಟಿನ್. ಕೆಳಗೆ ಊರು, ತಾರೀಖು. ಒಂದು ಕಾಗುಣಿತ ತಪ್ಪಿದರೂ ಹರಿದು ಮತ್ತೆ ಬರೆಸುತ್ತಿದ್ದ. "ದೇವರ ಮನಿ ಒಂದ ಬಿಟ್ಟೀರಿ, ಅಲ್ಲೂ ನಾಕ ಬರಣಿ ಇಡ್ರಿ," ಎಂದು ಕಾಕು ಅಡಿಗೆಮನೆಯಿಂದಲೇ ಹೇಳುತ್ತಿದ್ದಳು. ಅವಳ ಉಪ್ಪಿನಕಾಯಿ ಬರಣಿಗಳು ಒಂದೊಂದಾಗಿ ಕಾಕಾನ ಖೋಲಿಗೆ ಹೋಗುತ್ತಿದ್ದುದನ್ನು ಕಂಡವರು ಅವಳನ್ನು ತಪ್ಪೆನ್ನಲಾರರು.

ಕಾಕಾನ ತಲೆ ಹೊಕ್ಕದ್ದು ಒಂದೇ ಹಾವು. ನಾಗರಹಾವಿನ ಹೆಡೆಯ ಮೇಲೆ ಕನ್ನಡಕದಂಥ ಗುರುತು ಇರುವುದು ನಿಮಗೆ ಗೊತ್ತು. ನಮ್ಮ ಸೀಮೆಯಲ್ಲಿ ಅದನ್ನು ಹತ್ತರ ಅಂಕಿ ಎನ್ನುತ್ತಾರೆ. ತಡವಳದ ಹೊಲಗಳಲ್ಲಿ ಆ ಅಂಕಿ ಇಲ್ಲದ, ಗೋಧಿ ಬಣ್ಣದ ನಾಗರವೂ ಇದೆ ಎಂದು ಕಾಕಾ ಹುಡುಗನಿದ್ದಾಗಲೇ ಕಂಡಿದ್ದ. ಅಂಥವು ಬೇರೆ ದೂರದ ಸೀಮೆಗಳಲ್ಲಿವೆ ಎಂದು ಅವನ ದಪ್ಪ ಇಂಗ್ರೇಜಿ ಪುಸ್ತಕದಲ್ಲಿ ಬರೆದಿತ್ತು, ನಮ್ಮ ಕಡೆಯ ಮಾತೇ ಅದರಲ್ಲಿರಲಿಲ್ಲ. ಕಾಕಾ ಮುಂಬಯಿಯ ಒಬ್ಬ ವಿದ್ವಾಂಸರಿಗೆ ಪತ್ರ ಬರೆದ. ಹೆಡೆ ಕೆಡದಿರುವ ಒಂದು ಹಾವನ್ನು ಸ್ಪಿರಿಟ್ಟಿನಲ್ಲಿಟ್ಟು ಕಳಿಸಿದರೆ ನೋಡೋಣ ಎಂದು ಉತ್ತರ ಬಂತು. ನ್ಯಾಯವಾದ ಮಾತೇ. ಆದರೆ ಎಲ್ಲಿಂದ ತರಬೇಕು? ಹಾವಾಡಿಗರ ಬುಟ್ಟಿಯದು ಯಾವ ಊರಿನದೆಂದು ದೇವರೇ ಬಲ್ಲ. ಊರಲ್ಲಿ ಅಂಕಿ ಇರುವ ನಾಗಪ್ಪನನ್ನು ಯಾರೂ ಮುಟ್ಟುತ್ತಿರಲಿಲ್ಲ. ಅಂಕಿ ಇಲ್ಲದ್ದು ಕಂಡರೆ, ಇದು ನಾಗಪ್ಪ ಅಲ್ಲವೆಂದು ಬಡಿಗೆ ತೆಗೆದುಕೊಂಡು ತಲೆಯನ್ನೇ ಜಜ್ಜುತ್ತಿದ್ದರು. ನಮ್ಮ ಹೊಲ ಮಾಡುತ್ತಿದ್ದ ಸಿದ್ರಾಮ ಅಂಥ ಮೂರನ್ನು ಬಡಿದಿದ್ದ. ಪ್ರತಿ ಸಲವೂ ಬಾಲ ಹಿಡಿದು ಕಾಕಾನ ಮುಂದೆ ತಂದು ಹಾಕುತ್ತಿದ್ದ, ಪ್ರತಿ ಸಲವೂ ಹೆಡೆಯ ಜಾಗದಲ್ಲಿ ರಕ್ತ ಮಾಂಸದ ಮುದ್ದೆ. ತಲೆಗೆ ಹೊಡೆಯಬೇಡವೋ ಎಂದರೆ, ಮತ್ತೆಲ್ಲಿಗೆ ಹೊಡೆಯಬೇಕ್ರಿ ಎಂದು ಕೇಳುತ್ತಿದ್ದ. ಹೊಡೆಯಲೇಬೇಡ ಎಂದು ಬಾಯಿಬಿಟ್ಟು ಹೇಳಿದರೆ ಇದೊಂದು ಆಸೆಯೂ ಹೋಗುತ್ತದೆ, ಹೊಡೆ ಎಂದರೆ ಆಯಿಗೆ ಕೊಟ್ಟ ಮಾತು ಹೋಗುತ್ತದೆ. ಹೀಗೆ ಕಾಕಾ ಒಂಬತ್ತು ವರ್ಷ ಕಾದ. ಪ್ರತಿ ರಜೆಗೂ ಸ್ಪಿರಿಟ್ಟು ತುಂಬಿದ ದೊಡ್ಡ ಬರಣಿ ನಮ್ಮ ಜೊತೆ ಊರಿಗೆ ಬರುತ್ತಿತ್ತು. ಅಕ್ಕಲಕೋಟ ರೋಡ್ ಸ್ಟೇಷನ್ನಿನವರೆಗೆ ರೈಲಿನಲ್ಲಿ, ಅಲ್ಲಿಂದ ಚಕ್ಕಡಿಯಲ್ಲಿ, ನಾನು ಅವನ ಮನೆ ಸೇರಿದ ಮೇಲೆ ಅದನ್ನು ತೊಡೆಯ ಮೇಲೆ ಹಿಡಿದು ಕೂರುವವಳು ನಾನೇ. ಇಳಿಯುವಷ್ಟರಲ್ಲಿ ನನ್ನ ಲಂಗ, ಕೂದಲು, ಕಾಕು ಕಟ್ಟಿಕೊಟ್ಟ ಬುತ್ತಿಯ ರೊಟ್ಟಿ ಎಲ್ಲ ಅದೇ ವಾಸನೆ.

ನನಗೆ ಹನ್ನೊಂದು ತುಂಬಿದ ಬೇಸಿಗೆಯಲ್ಲಿ ಆಯಿ ಅಂಗಳದ ಹಗೇವು ತೆಗೆಸಿದರು. ಹಗೇವೆಂದರೆ ನೆಲದೊಳಗೆ ತೋಡಿದ ಜೋಳದ ಕಣಜ. ಬಾಯಿ ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕಾಳು ಕೆಡುವುದಿಲ್ಲ. ಆದರೆ ಒಳಗಿನ ಗಾಳಿ ವಿಷ. ಕಲ್ಲು ಸರಿಸಿದಾಗ ಬಿಸಿಯಾದ, ಹುಳಿಹುಳಿ ವಾಸನೆಯ ಉಸಿರು ಮುಖಕ್ಕೆ ಹೊಡೆಯಿತು. ಸಿದ್ರಾಮ ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟ, ಅದು ಅರ್ಧಕ್ಕೇ ಆರಿತು. ದೀಪ ಆರದೆ ತಳ ಮುಟ್ಟುವವರೆಗೆ ಕಾದು, ಮಧ್ಯಾಹ್ನದ ಹೊತ್ತಿಗೆ ಅವನು ಇಳಿದ. ಇಳಿದವನು ಕೂಗಲಿಲ್ಲ, ಬುಟ್ಟಿ ಮೇಲೆಳೆಯಿರಿ ಎಂದಷ್ಟೇ ಮೆಲ್ಲಗೆ ಹೇಳಿದ. ಬುಟ್ಟಿಯಲ್ಲಿ ಜೋಳದ ಮೇಲೆ ಸುತ್ತಿಕೊಂಡು ಮಲಗಿದ ಹಾಗೆ ಒಂದು ಹಾವು. ಯಾವ ಬಿಲದಿಂದ ನುಗ್ಗಿತ್ತೋ, ಗಾಳಿ ಕೆಟ್ಟು ಸತ್ತಿತ್ತು. ಮೈಮೇಲೆ ಒಂದು ಗೀರಿಲ್ಲ. ಕಾಕಾ ಮೊಣಕಾಲೂರಿ ಕುಳಿತು ಎರಡು ಬೆರಳಿನಿಂದ ಅದರ ಕುತ್ತಿಗೆಯ ಚರ್ಮವನ್ನು ಹಿಗ್ಗಿಸಿದ. ಗೋಧಿ ಬಣ್ಣದ ಹೆಡೆ, ತೊಳೆದಿಟ್ಟ ತಟ್ಟೆಯಷ್ಟು ಚೊಕ್ಕಟ. ಅಂಕಿ ಇರಲಿಲ್ಲ. ಬರಣಿ ತಾ ಎನ್ನಲು ನನ್ನ ಕಡೆ ತಿರುಗಿದ. ನಾನು ಅಷ್ಟರಲ್ಲಾಗಲೇ ಓಡಿ ತಂದಿದ್ದೆ.

ಆಯಿ ಸೆರಗು ಹೊದ್ದು ಕೈಮುಗಿದು ನಿಂತಿದ್ದರು. ಮನೆಯ ಕಾಳು ಕಾದು ಕಾಳಿನ ಮೇಲೆಯೇ ಜೀವ ಬಿಟ್ಟವನಿಗೆ ತುಪ್ಪ, ಗಂಧದ ಚಕ್ಕೆ ಹಾಕಿ ಬೆಂಕಿ ಕೊಡಬೇಕು, ಇಲ್ಲವಾದರೆ ಮನೆತನಕ್ಕೆ ಒಳ್ಳೆಯದಲ್ಲ ಎಂದರು. ನಾನು ಬರಣಿಯನ್ನು ಬಿಗಿಯಾಗಿ ಅಪ್ಪಿಕೊಂಡೆ. ಹಿಟ್ಟಿನಲ್ಲಿ ಹಾವು ಮಾಡಿ ಸುಡಬಹುದಲ್ಲ ಎಂದೆ. "ಹೆಣಾ ಮುಂದ ಇಟಗೊಂಡು ಯಾರರ ಹಿಟ್ಟ ಸುಡತಾರೇನ?" ಎಂದರು. ಆಗ ನನಗೆ ಇನ್ನೊಂದು ಹೊಳೆಯಿತು, ಇವತ್ತಿಗೂ ಆ ಬುದ್ಧಿಯ ಬಗ್ಗೆ ನನಗೆ ಹೆಮ್ಮೆಯಿದೆ. "ಆಯಿ, ಇದರ ಹೆಡಿಮ್ಯಾಲ ಅಂಕಿನ ಇಲ್ಲ. ಸಿದ್ರಾಮ ಇಂಥಾವ ಮೂರ ಬಡದಾನ, ನೀ ಏನೂ ಅನ್ನಲಿಲ್ಲ. ಇದು ನಾಗಪ್ಪ ಅಲ್ಲ," ಎಂದೆ. ಸಿದ್ರಾಮ ಹೌದು ಹೌದು ಎಂದು ತಲೆಯಾಡಿಸಿದ. ಆಯಿ ಬಗ್ಗಿ ನೋಡಿದರು. ಕಣ್ಣಿಗೆ ಪೊರೆ ಬಂದಿತ್ತು, ಬೆರಳಿನಿಂದ ಹೆಡೆಯನ್ನು ಸವರಿದರು. ಆಮೇಲೆ ಕಾಕಾನ ಕಡೆ ತಿರುಗಿದರು.

"ಭೀಮಾ, ನೀ ಓದಿದಾಂವ ಅದಿ. ನೀನ ಹೇಳು, ಇದು ನಾಗಪ್ಪ ಹೌದೋ ಅಲ್ಲೋ? ಅಲ್ಲ ಅಂದ್ರ ಬರಣ್ಯಾಗ ಹಾಕ್ಕೊಂಡು ಹೋಗು, ನಾ ಏನೂ ಅನ್ನಂಗಿಲ್ಲ."

ಒಂದು "ಅಲ್ಲ" ಸಾಕಿತ್ತು. ಎರಡಕ್ಷರ. ದಿನಕ್ಕೆ ನೂರು ಸಲ ನಾವು ಅನ್ನುವ ಮಾತು. ಆಯಿಗೆ ನೋವಾಗುತ್ತಿರಲಿಲ್ಲ, ಊರಿಗೆ ನಷ್ಟವಿರಲಿಲ್ಲ, ಸತ್ತ ಹಾವಿಗಂತೂ ಏನೂ ಆಗುತ್ತಿರಲಿಲ್ಲ. ನಾನು ಬರಣಿಯ ಮುಚ್ಚಳ ತಿರುವಿ ತೆಗೆದೇಬಿಟ್ಟಿದ್ದೆ. ಕಾಕಾ ಹಾವನ್ನು ನೋಡಿದ, ತಾಯಿಯನ್ನು ನೋಡಿದ. ನಂತರ ಹೇಳಿದ. "ಹೌದವ್ವಾ. ನಾಗರನ ಇದು. ಅಂಕಿ ಇಲ್ಲದಿದ್ರೂ ನಾಗರನ."

ಬೆಂಕಿ ಕೊಟ್ಟವನೂ ಅವನೇ. ಸಂಸ್ಕಾರಕ್ಕೆ ಕರೆಸಿದ ಅಯ್ಯನವರು ಮಂತ್ರಕ್ಕೆ ಅಣಿಮಾಡಿಕೊಳ್ಳುವಷ್ಟರಲ್ಲಿ ಅಳೆಯುವ ಪಟ್ಟಿ ತಂದು ಉದ್ದ ಅಳೆದ, ಹೊಟ್ಟೆಯ ಹುರುಪೆಗಳನ್ನು ಒಂದೊಂದಾಗಿ ಎಣಿಸಿ ಹೇಳಿದ, ನಾನು ಅಳುತ್ತಲೇ ಬರೆದುಕೊಂಡೆ. ಹೆಡೆಯ ಒಂದು ಚಿತ್ರ ಬರೆದ. ಅಯ್ಯನವರು ಎರಡು ಸಲ ಕೆಮ್ಮಿದರು. ಕಾಕಾ ಮನೆಯವರು ಸತ್ತಾಗಿನ ಹಾಗೆ ಮೀಸೆ ಬೋಳಿಸಿಕೊಂಡು, ಒದ್ದೆ ಧೋತರದಲ್ಲಿ, ಸಗಣಿ ಕುಳ್ಳಿನ ರಾಶಿಗೆ ಕೊಳ್ಳಿ ಇಟ್ಟ. ಒಂಬತ್ತು ವರ್ಷ ಕಾದದ್ದು ಒಂದು ಗಳಿಗೆಯಲ್ಲಿ ಚಟಚಟ ಎಂದು ಹೋಯಿತು. ರಜೆ ಮುಗಿದು ಸೊಲ್ಲಾಪುರಕ್ಕೆ ಮರಳುವಾಗ ಚಕ್ಕಡಿಯಲ್ಲಿ ನಾನು ಅವನ ಜೊತೆ ಮಾತು ಬಿಟ್ಟಿದ್ದೆ. ಅರ್ಧ ದಾರಿಯಲ್ಲಿ ತಡೆಯಲಾರದೆ, ಅಲ್ಲ ಅಂತ ಯಾಕೆ ಅನ್ನಲಿಲ್ಲ ಎಂದು ಕೇಳಿದೆ. "ಅಂದು ತಂದಿದ್ರ, ನೀ ಚೀಟಿ ಮ್ಯಾಲ ಏನ್ ಬರೀತಿದ್ದಿ?" ಎಂದ. ನಾಗರ ಅಂತ ಎಂದೆ. "ಅವ್ವಗೊಂದು, ಮುಂಬಯಿಗೊಂದು ಹೇಳಿದ್ರ ನನ್ನ ಮಾತ ಯಾರು ನಂಬಬೇಕು?" ಎಂದ. ಅವನ ಬೋಳು ತುಟಿ ನೋಡಿ ನಗುವೂ ಬಂತು, ಚಕ್ಕಡಿಯಿಂದ ದೂಡಿಬಿಡುವಷ್ಟು ಸಿಟ್ಟೂ ಬಂತು. ಶಾಲೆಯ ಹೆಡ್ಮಾಸ್ತರರು ಆ ತುಟಿ ಕಂಡು ಮನೆಯಲ್ಲಿ ಯಾರು ತೀರಿಹೋದರೆಂದು ಕೇಳಿದಾಗ ಏನು ಹೇಳಿದನೋ, ಆ ದಿನ ಸಂಜೆ ಮನೆಗೆ ಬಂದು ತಾನೊಬ್ಬನೇ ತುಂಬ ಹೊತ್ತು ನಕ್ಕ.

ಅಳತೆ, ಹುರುಪೆಗಳ ಲೆಕ್ಕ, ಹೆಡೆಯ ಚಿತ್ರ ಎಲ್ಲವನ್ನೂ ಮುಂಬಯಿಗೆ ಕಳಿಸಿದ. ಹಾವೆಲ್ಲಿ ಎಂದು ಕೇಳಿದರೆ ಸುಳ್ಳು ಹೇಳಬಾರದಲ್ಲ, ತಾಯಿಯ ಅಪ್ಪಣೆಯಂತೆ ಸುಟ್ಟೆನೆಂದೂ ಮೊದಲೇ ಬರೆದ. ಚಿತ್ರ ಚೆನ್ನಾಗಿದೆ, ಆದರೆ ಚಿತ್ರವನ್ನು ಪುರಾವೆಯೆಂದು ತೆಗೆದುಕೊಳ್ಳಲು ಬರುವುದಿಲ್ಲ, ಇನ್ನೊಂದು ಸಿಕ್ಕಾಗ ಕಳಿಸಿ ಎಂದು ಉತ್ತರ ಬಂತು. ಇನ್ನೊಂದು ಎಲ್ಲಿಂದ ಸಿಗಬೇಕು? ಮಾಸ್ತರನೇ ಬೆಂಕಿ ಕೊಟ್ಟದ್ದನ್ನು ಊರೆಲ್ಲ ನೋಡಿತ್ತು. ಅಂಕಿ ಇಲ್ಲದ್ದೂ ನಾಗಪ್ಪನೇ ಎಂದು ಆಯಿ ಮನೆಮನೆಗೆ ಹೇಳಿ ಬಂದಿದ್ದರು. ತಡವಳದಲ್ಲಿ ಆಮೇಲೆ ಯಾರೂ ಅಂಥ ಹಾವಿಗೆ ಬಡಿಗೆ ಎತ್ತಲಿಲ್ಲ. ಜಜ್ಜಿದ ತಲೆಯ ಹಾವೂ ನಮ್ಮ ಅಂಗಳಕ್ಕೆ ಬರಲಿಲ್ಲ. ಕಾಕಾ ಮತ್ತೂ ಐದು ವರ್ಷ ಪ್ರತಿ ರಜೆಗೆ ಊರಿಗೆ ಹೋಗಿ ಹೊಲದ ಬದುಗಳ ಗುಂಟ ತಿರುಗಿ ಬರಿಗೈಲಿ ಬಂದ. ಆರನೆಯ ವರ್ಷ ವಿಷಮಜ್ವರ ಬಂತು. ಹದಿನೆಂಟು ದಿನ ಮಲಗಿದ್ದ, ಅಷ್ಟೇ. ನಲವತ್ತೂ ತುಂಬಿರಲಿಲ್ಲ.

ಮಾತಾಡಿಸಲು ಬಂದವರೆಲ್ಲ ಒಳ್ಳೆಯ ಮಾಸ್ತರರಿದ್ದರು, ಯಾರಿಗೂ ಕೆಟ್ಟದ್ದು ಬಯಸಲಿಲ್ಲ ಎಂದರು. ನಾಗರದ ಮಾತು ಯಾರೂ ಎತ್ತಲಿಲ್ಲ. ಒಂಬತ್ತನೆಯ ದಿನ ತಡವಳದಿಂದ ಸಿದ್ರಾಮ ಬಂದ. ಕಾಕು ಒಳಗಿದ್ದಳು, ನಾನೊಬ್ಬಳೇ ಪಡಸಾಲೆಯಲ್ಲಿ ಕುಳಿತಿದ್ದೆ, ಹದಿನೇಳರ ಹುಡುಗಿ, ಕಣ್ಣೀರು ಬತ್ತಿ ಬರೀ ಸಿಟ್ಟು ಉಳಿದಿತ್ತು. ಅವನು ಬಾಗಿಲ ಬಳಿ ಕುಳಿತು ಬರಣಿಗಳ ಕಡೆ ನೋಡಿದ. "ಹ್ವಾದ ವಾರ ಕಣದಾಗ ಒಂದು ಬಂದಿತ್ರಿ ಅಕ್ಕಾರ, ಗೋಧಿ ಬಣ್ಣದ್ದು, ಅಂಕಿ ಇರಲಿಲ್ಲ," ಎಂದ. "ಹುಡುಗ್ರು ಬಡಿಗಿ ಹಿಡದ್ರು. ಬ್ಯಾಡ ಅಂದ್ನಿ. ಅದು ನಾಗಪ್ಪನ, ಮಾಸ್ತರು ಹೇಳ್ಯಾರ ಅಂದ್ನಿ. ಬದುವಿಗುಂಟ ಹೋತು."

ಕೈಗೆ ಬಂದಿದ್ದ ಇನ್ನೊಂದು ಹಾವನ್ನು ಬಿಟ್ಟೆನೆಂದು ಹೇಳಲು ಇಷ್ಟು ದೂರ ಬಂದಿದ್ದಾನೆ ಎಂದು ನನಗೆ ಮೈಯೆಲ್ಲ ಉರಿಯಿತು. ಅದನ್ನು ಇಲ್ಲಿ ನನ್ನ ಮುಂದೆ ಹೇಳಿ ಏನು ಬಂತು, ಮುಂಬಯಿಯವರಿಗೆ ಹೇಳು, ಅವರು ನಂಬಲಿಲ್ಲ ನಮ್ಮ ಕಾಕಾನ್ನ ಎಂದು ರೇಗಿದೆ. ಸಿದ್ರಾಮನಿಗೆ ಬೇಸರವಾಗಲಿಲ್ಲ. ಬಲಗೈಯ ಹೆಬ್ಬೆರಳನ್ನು ಧೋತರಕ್ಕೆ ತಿಕ್ಕಿ ಒರೆಸಿಕೊಂಡ.

"ನನಗ ಬರಿಯಾಕ ಬರಂಗಿಲ್ರಿ. ಎಲ್ಲಿ ಒತ್ತಬೇಕು ತೋರಸ್ರಿ, ಹೆಬ್ಬಟ್ಟು ಒತ್ತತೀನಿ."

ಅವನು ಬೆರಳು ಮುಂದೆ ಚಾಚಿಯೇ ಕುಳಿತಿದ್ದ. ಎಲ್ಲಿ ಒತ್ತಬೇಕೆಂದು ನನಗೂ ಗೊತ್ತಿರಲಿಲ್ಲ.