ಮದರಂಗಿಯ ಕೆಂಪು

ಮದರಂಗಿಯ ವಾಸನೆ ಬಂದರೆ ಎಲ್ಲರಿಗೂ ಮದುವೆಮನೆಯ ಸಡಗರ. ನನಗೆ ಮಾತ್ರ ಎದುರಿಗಿದ್ದವರ ಕಣ್ಣಿನ ಕೆಳರೆಪ್ಪೆ ಎಳೆದು ನೋಡುವ ಚಪಲ. ನೀವು ನಕ್ಕರೂ ಬೇಸರವಿಲ್ಲ. ಮೊನ್ನೆ ಬಸವಕಲ್ಯಾಣದಲ್ಲಿ ಸುಜಾತಾಳ ಮದುವೆಯ ಹಿಂದಿನ ದಿನ ಆ ವಾಸನೆ ಮತ್ತೆ ಮೂಗಿಗೆ ಬಡಿಯಿತು. ಈ ಚಪಲ ಹತ್ತಿಸಿದವಳೂ ಅವಳೇ, ನಾಲ್ಕು ವರ್ಷದವಳಿದ್ದಾಗ.

ಆಗ ನಾನು ಹುಮನಾಬಾದಿನ ಸಣ್ಣ ದವಾಖಾನೆಯೊಂದರಲ್ಲಿ ರಕ್ತ ಪರೀಕ್ಷೆ ಮಾಡುತ್ತಿದ್ದೆ. ಮಲೇರಿಯಾದ ಜಂತು ಹುಡುಕುವುದರಲ್ಲಿ ನನ್ನ ಕಣ್ಣು ತಪ್ಪುವುದಿಲ್ಲ ಎಂಬ ಜಂಬ ಬೇರೆ. ಮುಡಬಿಯಿಂದ ಕೂಲಿ ಕೆಲಸದ ಲಕ್ಷ್ಮೀಬಾಯಿ ಜ್ವರದ ಮಗಳು ಸುಜಾತಾಳನ್ನು ಎತ್ತಿಕೊಂಡು ಬಂದಾಗ ಜಂತು ಕಂಡುಹಿಡಿದದ್ದು ನಾನೇ. ಗುಳಿಗೆ ಮುಗಿಸಿ ಮತ್ತೆ ಬಂದಾಗ ಜ್ವರವೂ ಇರಲಿಲ್ಲ, ಜಂತುವೂ ಇರಲಿಲ್ಲ.

“ಆದ್ರೂ ಮಂಕಾಗ್ಯಾಳ್ರಿ ಅಕ್ಕಾ. ಆಡಾಕ ಒಲ್ಲೆ ಅಂತಾಳ,” ಎಂದಳು ತಾಯಿ.

ಡಾಕ್ಟರು ಊಟಕ್ಕೆ ಹೋಗಿದ್ದರು. ಮಗುವಿನ ಕೈ ತಿರುಗಿಸಿ ನೋಡಿದೆ. ಅಂಗೈ, ಉಗುರು ಎಲ್ಲ ಕೆಂಪು. ರಕ್ತ ಎಷ್ಟಿದೆಯೆಂದು ಅಳೆಯುವ ಗೋಜಿಗೇ ಹೋಗಲಿಲ್ಲ. “ರಕ್ತ ಚಲೋ ಅದ, ಮನಿಗೆ ಹೋಗವ್ವಾ,” ಎಂದೆ.

ಬುತ್ತಿ ಬಿಚ್ಚಿ ಕೂತಾಗ ನನ್ನ ಬೆರಳಿಂದಲೇ ಮದರಂಗಿಯ ವಾಸನೆ ಬಂತು. ನಮ್ಮ ಕಡೆ ಜ್ವರದ ಕಾವು ಇಳಿಯಲೆಂದು ಮಕ್ಕಳ ಅಂಗೈಗೆ ಮದರಂಗಿ ಅರೆದು ಮೆತ್ತುತ್ತಾರೆ. ಹುಟ್ಟಿದಾಗಿನಿಂದ ನೋಡಿದ್ದನ್ನು ಈ ಜಾಣೆ ಮರೆತಿದ್ದಳು. ತುತ್ತು ಬಿಟ್ಟು ಆಟೋ ನಿಲ್ಲುವಲ್ಲಿಗೆ ಓಡಿದೆ. ಹೊರಡುತ್ತಿದ್ದ ಆಟೋ ನಿಲ್ಲಿಸಿ ಮಗುವಿನ ರೆಪ್ಪೆ ಎಳೆದೆ. ಒಳಗೆ ಬೆಳ್ಳಗಿತ್ತು.

ಊಟದಿಂದ ಬಂದ ಡಾಕ್ಟರು ಮಗುವನ್ನು ನೋಡಿ, ಕೂಡಲೇ ರಕ್ತ ಕೊಡಿಸಲು ದೊಡ್ಡ ಆಸ್ಪತ್ರೆಗೆ ಚೀಟಿ ಬರೆದರು. “ಜಂತು ಹೋದ್ರೂ ಮೈಯಾಗ ರೋಗ ತಡಿಯೋ ಕಾವಲು ಸುಮ್ಮನಾಗಿಲ್ಲ. ಚಲೋ ಇದ್ದ ರಕ್ತಕಣಾನೂ ನುಂಗಾಕತ್ತದ. ಎಲುಬಿನಾಗ ಹೊಸಾ ರಕ್ತ ಹುಟ್ಟೋದನ್ನೂ ತಡದದ.”

“ಅಂದ್ರ ಆಕಿ ಮೈನೇ ಆಕೀನ ತಿನ್ನಾಕತ್ತದೇನ್ರಿ?” ಎಂದಳು ಲಕ್ಷ್ಮೀಬಾಯಿ.

“ಕಾಯಾಕ ಹೋಗಿ ತಿನ್ನಾಕತ್ತದವ್ವಾ.”

ಲಕ್ಷ್ಮೀಬಾಯಿ ಮಗಳ ಕೆಂಪು ಅಂಗೈಯನ್ನು ಸೆರಗಿನಿಂದ ಒರೆಸತೊಡಗಿದಳು. ಅದು ಹೋಗುವ ಬಣ್ಣವೇ? ನನಗೆ ನಾಚಿಕೆಯಾಯಿತು. ಅವಳೂ ಕಾಯಲೆಂದೇ ಹಚ್ಚಿದ್ದಳು. ನೋಡದೆ ಬಿಟ್ಟವಳು ನಾನು. ಮಗು ಉಳಿಯಿತು. ಆದರೆ ಅಂದಿನಿಂದ ನಾನು ಮದರಂಗಿ ಮುಟ್ಟಲಿಲ್ಲ.

ಮೊನ್ನೆ, ನನ್ನ ಚಪಲ ಬಲ್ಲ ಸುಜಾತಾ ನನ್ನನ್ನು ಕಂಡವಳೇ ಮುಖ ಮುಂದೆ ಚಾಚಿದಳು. “ಕೈಯಾಗ ಮದರಂಗಿ ಇನ್ನೂ ಹಸಿ ಅದ ದೊಡ್ಡವ್ವಾ. ನೀವೇ ನೋಡ್ರಿ.”

ರೆಪ್ಪೆ ಎಳೆದೆ. ಒಳಗೆ ಕೆಂಪಗಿತ್ತು. ನನ್ನ ಕಣ್ಣಿಗೆ ನೀರು ಬಂದು ಸರಿಯಾಗಿ ಕಾಣಲಿಲ್ಲ. ಒರೆಸಿಕೊಂಡು ಇನ್ನೊಮ್ಮೆ ನೋಡಿದೆ. ಆಮೇಲೆ ಅವಳ ಪಕ್ಕದಲ್ಲೇ ಕುಳಿತು, ಮದರಂಗಿ ಹಚ್ಚುವವಳ ಮುಂದೆ ನನ್ನ ಅಂಗೈಯನ್ನೂ ಚಾಚಿದೆ.