ಅಮ್ಮನಿಗೆ ಹೇಳಿ ಕಳಿಸಿದ ಮಾತು

ಶಿಡ್ಲಘಟ್ಟದ ನಮ್ಮ ಹೈಸ್ಕೂಲಿಗೆ ಕಲೆಯ ಹುಚ್ಚು ಹಿಡಿಸಿದವರು ಮೈಸೂರು ಕಡೆಯಿಂದ ವರ್ಗವಾಗಿ ಬಂದ ಒಬ್ಬ ಹೆಡ್‌ಮಾಸ್ಟರು. ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ಊರಿನಲ್ಲಿ ಯಾರು ಬಾಯಿ ತೆರೆದರೂ ರೇಷ್ಮೆಯ ಮಾತು. ಆ ಪುಣ್ಯಾತ್ಮರಿಗೆ ಮಾತ್ರ ಮಕ್ಕಳು ಹಾಡಬೇಕು, ಕುಣಿಯಬೇಕು, ಮುಖಕ್ಕೆ ಬಣ್ಣ ಹಚ್ಚಬೇಕು. ಮಧ್ಯಾಹ್ನ ಎರಡು ಗಂಟೆಯ ಮೇಲೆ ಲೆಕ್ಕ, ಭೂಗೋಳ ಎಲ್ಲ ಬಂದ್. ಒಂದು ಕೊಠಡಿಯಲ್ಲಿ ನಾಟಕ, ಇನ್ನೊಂದರಲ್ಲಿ ನೃತ್ಯ, ಮತ್ತೊಂದರಲ್ಲಿ ಸಂಗೀತ. ಊರಿನವರು ಆಡಿಕೊಂಡು ಅದನ್ನು ‘ಕುಣಿಯೋ ಸ್ಕೂಲು’ ಅನ್ನುತ್ತಿದ್ದರು. ಆ ಸ್ಕೂಲಿನ ಮಕ್ಕಳು ಅನ್ನಿಸಿಕೊಳ್ಳುವುದು ನಮಗೇನೋ ಹೆಮ್ಮೆಯಾಗಿಯೇ ಇತ್ತು.

ಹದಿನಾಲ್ಕು ಹದಿನೈದರ ವಯಸ್ಸು, ಕನಸಿಗೆ ಬರವೇ? ಗೌರಿಬಿದನೂರು ಕಡೆಯಿಂದ ಬಂದು ಮಾವನ ಮನೆಯಲ್ಲಿದ್ದ ಹುಡುಗನೊಬ್ಬ ಮದ್ರಾಸಿಗೆ ಹೋಗಿ ಸಿನಿಮಾ ಸೇರುತ್ತೇನೆಂದು ಕಿವಿ ಮುಚ್ಚುವ ಹಾಗೆ ಕೂದಲು ಬಿಟ್ಟಿದ್ದ. ಅವನು ರಾಜನ ಪಾರ್ಟು ಹಾಕಿದರೆ ರಾಜನ ಕನ್ನಡವೂ ತೆಲುಗಿನ ಕಡೆಗೆ ವಾಲುತ್ತಿತ್ತು. ಕೊನೆಗೆ ಅವನು ಸೇರಿದ್ದು ಮಾವನ ರೇಷ್ಮೆಗೂಡಿನ ವ್ಯಾಪಾರ. ನಾನೂ ನನ್ನ ತಂಗಿಯೂ ವೀಣೆಗೆ ಸೇರಿದೆವು. ನನಗೆ ಹದಿನೈದು, ಅವಳಿಗೆ ಹದಿಮೂರು.

ನಮ್ಮ ಮನೆಯ ಹಿಂದೆ ಎರಡು ಚರಕ. ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವುದು ನಮ್ಮ ಕಸುಬು. ಚರಕದ ಮುಂದೆ ಒಲೆ, ಒಲೆಯ ಮೇಲೆ ಸುಡುನೀರಿನ ತೊಟ್ಟಿ, ನೀರಿನ ತುಂಬ ಗೂಡು. ಆ ನೀರಿಗೆ ಬೆರಳು ಅದ್ದಿ, ಬೆಂದ ಗೂಡುಗಳ ಎಳೆ ಹುಡುಕಿ, ಅವನ್ನು ಕೂಡಿಸಿ ಚರಕದ ಚಕ್ರಕ್ಕೆ ಹತ್ತಿಸಬೇಕು. ಇನ್ನೊಬ್ಬರು ಚಕ್ರ ತಿರುಗಿಸಬೇಕು. ಒಂದು ತೊಟ್ಟಿಗೆ ಅಮ್ಮ ಕೂರುತ್ತಿದ್ದಳು. ಇನ್ನೊಂದಕ್ಕೆ ನಾವಿಬ್ಬರು ಸರದಿಯಂತೆ. ಅಪ್ಪನೂ ಪಕ್ಕದ ಮನೆಯ ಒಬ್ಬ ಮುದುಕನೂ ಚಕ್ರಕ್ಕೆ. ಬೆಳಗ್ಗೆ ಐದರಿಂದ ಒಂಬತ್ತು ಗಂಟೆ, ಶಾಲೆ ಬಿಟ್ಟ ಮೇಲೆ ದೀಪ ಹಚ್ಚುವವರೆಗೆ, ಇದೇ ಕೆಲಸ.

ವೀಣೆ ಕಲಿಯುವವರಿಗೆ ಎಡಗೈಯ ಎರಡು ಬೆರಳುಗಳ ತುದಿ ಜಡ್ಡು ಕಟ್ಟಬೇಕು. ತಂತಿಯನ್ನು ಒತ್ತಿ ಒತ್ತಿ ಮೊದಲು ಗೆರೆ ಬೀಳುತ್ತದೆ, ಉರಿಯುತ್ತದೆ, ಬೊಬ್ಬೆ ಏಳುತ್ತದೆ, ಆಮೇಲೆ ಗಟ್ಟಿಯಾಗುತ್ತದೆ. ಬೇರೆ ಹುಡುಗಿಯರಿಗೆ ಎರಡು ಮೂರು ತಿಂಗಳಲ್ಲಿ ಮುಗಿದ ಈ ಕಷ್ಟ ನಮಗೆ ಮುಗಿಯಲೇ ಇಲ್ಲ. ಮಧ್ಯಾಹ್ನ ಕಟ್ಟಲು ಶುರುವಾದ ಜಡ್ಡು ಸಂಜೆ ಬಿಸಿನೀರಿನಲ್ಲಿ ಮೆತ್ತಗಾಗಿ, ಬೆಳಗಿನ ಹೊತ್ತಿಗೆ ಸಿಪ್ಪೆ ಸುಲಿದು ಬರುತ್ತಿತ್ತು. ಮರುದಿನ ಮತ್ತೆ ಹಸಿ ಚರ್ಮದ ಮೇಲೆ ತಂತಿ. ನಮಗೆ ಎಲ್ಲ ದಿನವೂ ಮೊದಲ ದಿನವೇ ಆಗಿತ್ತು. ಒಮ್ಮೊಮ್ಮೆ ತಂತಿಗೆ ರಕ್ತ ಹತ್ತುತ್ತಿತ್ತು, ಟೀಚರು ಬಟ್ಟೆ ಎಸೆದು ಒರೆಸು ಅನ್ನುತ್ತಿದ್ದರು.

ವೀಣೆ ಟೀಚರು ಕೆಟ್ಟವರಲ್ಲ. ಆದರೆ ಬೆಂದ ಹುಳುವಿನ ವಾಸನೆ ಅವರಿಗೆ ಆಗುತ್ತಿರಲಿಲ್ಲ. ಅದು ನಮ್ಮ ಮನೆಯ ಗೋಡೆಯಲ್ಲಿತ್ತು, ಹಾಸಿಗೆಯಲ್ಲಿತ್ತು, ನಾವು ಎಷ್ಟು ಸೀಗೆಕಾಯಿ ಹಾಕಿ ತಿಕ್ಕಿದರೂ ನಮ್ಮ ತಲೆಯಲ್ಲಿತ್ತು. ಅವರು ನಮ್ಮನ್ನು ಕಿಟಕಿಯ ಪಕ್ಕ ಕೂರಿಸುತ್ತಿದ್ದರು. ಚರಕದ ಮನೆಗಳಿದ್ದ ನಮ್ಮ ಬೀದಿಗೆ ಅವರು ಒಂದು ದಿನವೂ ಕಾಲಿಡಲಿಲ್ಲ. ಅಮ್ಮನಿಗೂ ಇದು ತಿಳಿದಿತ್ತು. ತನ್ನ ಸೀರೆಯ ವಾಸನೆಗೆ ನಾಚಿ ಅವಳು ಶಾಲೆಯ ಗೇಟಿನ ಕಡೆ ಸುಳಿಯುತ್ತಿರಲಿಲ್ಲ. ಟೀಚರು ಹೇಳಿದ್ದನ್ನು ಅಮ್ಮನಿಗೆ, ಅಮ್ಮ ಹೇಳಿದ್ದನ್ನು ಟೀಚರಿಗೆ ಮುಟ್ಟಿಸುವವಳು ನಾನು, ಮನೆಯ ದೊಡ್ಡ ಮಗಳು.

ಈಗ ನನ್ನ ತಂಗಿಯ ವಿಚಾರ. ಅವಳ ಬೆರಳೂ ನನ್ನ ಬೆರಳಿನಷ್ಟೇ ಹಸಿಯಾಗಿದ್ದವು, ನನ್ನಷ್ಟೇ ಅವಳಿಗೂ ನೋವಾಗುತ್ತಿತ್ತು. ಆದರೆ ನಾನು ಒಂದು ವಾರ ಉರು ಹೊಡೆದು ನುಡಿಸಿದ್ದನ್ನು ಅವಳು ಎರಡು ಸಲ ಕೇಳಿ ನುಡಿಸುತ್ತಿದ್ದಳು. ನಾನು ನುಡಿಸಿದರೆ ಪಾಠ ಒಪ್ಪಿಸಿದ ಹಾಗೆ. ಅವಳು ನುಡಿಸಿದರೆ ಪಕ್ಕದ ಕೊಠಡಿಯ ನಾಟಕದ ಹುಡುಗರು ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ನನಗೆ ಹೊಟ್ಟೆ ಉರಿಯುತ್ತಿತ್ತು. ಅಕ್ಕ ಅನ್ನಿಸಿಕೊಂಡವಳಿಗೆ ಹಾಗೆ ಉರಿಯಬಾರದು ಅನ್ನುತ್ತಾರೆ, ಅನ್ನುವವರಿಗೆ ಅಂಥ ತಂಗಿ ಇರುವುದಿಲ್ಲ.

ಎರಡು ವರ್ಷ ಹೀಗೇ ನಡೆಯಿತು. ಮೂರನೆಯ ವರ್ಷ ಹೆಡ್‌ಮಾಸ್ಟರು ಸಂಗೀತದ ಜೂನಿಯರ್ ಪರೀಕ್ಷೆಗೆ ಮಕ್ಕಳನ್ನು ಕಳಿಸುವುದಾಗಿ ಹೇಳಿದರು. ಪರೀಕ್ಷೆ ಚಿಕ್ಕಬಳ್ಳಾಪುರದಲ್ಲಿ. ಪಾಸಾದವರನ್ನು ಮುಂದಿನ ಸೀನಿಯರ್ ಪಾಠಕ್ಕೆ ಟೀಚರೇ ತಯಾರು ಮಾಡುತ್ತಾರೆ, ಅದೂ ಆದರೆ ಸಂಗೀತದ ಟೀಚರ್ ಕೆಲಸ ಸಿಗುತ್ತದೆ. ಅಂದರೆ ಆ ಕುದಿಯುವ ತೊಟ್ಟಿಯ ಮುಂದಿನಿಂದ ಜನ್ಮಕ್ಕೆ ಎದ್ದು ಹೋಗುವ ದಾರಿ. ಮನೆಗೆ ಕೊಟ್ಟು ಕಳಿಸಲು ಶಾಲೆಯಲ್ಲಿದ್ದದ್ದು ಒಂದೇ ವೀಣೆ, ಹಾಗಾಗಿ ವೀಣೆಯ ಪರೀಕ್ಷೆಗೆ ಒಬ್ಬರೇ.

ಒಂದು ಮಧ್ಯಾಹ್ನ ಟೀಚರು ನನ್ನನ್ನು ಜಗಲಿಗೆ ಕರೆದರು. ತಂಗಿ ಒಳಗೆ ಶ್ರುತಿ ಮಾಡುತ್ತಿದ್ದಳು. ಟೀಚರು ಸುತ್ತಿ ಬಳಸಿ ಮಾತಾಡುವವರಲ್ಲ.

“ನೋಡು, ನಿನಗೆ ಶ್ರದ್ಧೆ ಇದೆ, ಇಲ್ಲ ಅನ್ನಲ್ಲ. ಆದ್ರೆ ಕೈ ಇರೋದು ನಿನ್ನ ತಂಗಿಗೆ. ಅವಳನ್ನ ಮೂರು ತಿಂಗಳು ಆ ಬಿಸಿನೀರಿಂದ ಬಿಡಿಸೋಕೆ ಹೇಳು ನಿಮ್ಮಮ್ಮನಿಗೆ. ಬೆರಳು ಗಟ್ಟಿಯಾಗಿಬಿಟ್ರೆ ಅವಳನ್ನ ಹಿಡಿಯೋರಿಲ್ಲ.”

ನಾನು ಹೂಂ ಅಂದೆ. ಮನೆಗೆ ಬರುವ ದಾರಿಯಲ್ಲಿ ನಾನು ಯಾವ ಹೊಂಚನ್ನೂ ಹಾಕಲಿಲ್ಲ, ಇದನ್ನು ಯಾರೂ ನಂಬದಿದ್ದರೂ ಸರಿ. ತಂಗಿ ಪಕ್ಕದಲ್ಲೇ ನಡೆದು ಬರುತ್ತಿದ್ದಳು, ಟೀಚರು ಏನಂದರು ಅಂತ ಎರಡು ಸಲ ಕೇಳಿದಳು. ಅಮ್ಮನಿಗೆ ಹೇಳುತ್ತೇನೆ ಇರು ಅಂದೆ. ಮನೆಗೆ ಬಂದರೆ ಅಮ್ಮ ತೊಟ್ಟಿಯ ಮುಂದೆ ಕೂತಿದ್ದಳು. ನೀರಿನಿಂದ ಕೈ ತೆಗೆದು ಸೆರಗಿಗೆ ಒರೆಸಿಕೊಂಡು, ಏನಮ್ಮ, ಟೀಚರಮ್ಮ ಏನಾದರೂ ಹೇಳಿ ಕಳಿಸಿದರಾ ಅಂತ ಕೇಳಿದಳು. ಆ ಕೈ ನೋಡಿದೆ. ಉಗುರಿನ ಸುತ್ತ ಬೆಳ್ಳಗೆ ಬೆಂದು ನೆರಿಗೆ ಬಿದ್ದ ಕೈ.

“ಪರೀಕ್ಷೆಗೆ ನನ್ನ ಕಳಿಸ್ತಾರಂತೆ. ಮೂರು ತಿಂಗ್ಳು ನನ್ನ ನೀರಿಂದ ಬಿಡಿಸ್ಬೇಕಂತೆ,” ಅಂದೆ.

ಅಮ್ಮ, ಸರಿ ಬಿಡು, ಟೀಚರಮ್ಮನಿಗೆ ಗೊತ್ತಿರುತ್ತೆ ಅಂದಳು. ತಂಗಿಯ ಕಡೆ ತಿರುಗಿ, ಮೂರು ತಿಂಗಳು ನೀನೊಬ್ಬಳೇ ಕೂತುಕೋ ತಲ್ಲಿ, ಆಮೇಲೆ ನಿನ್ನ ಸರದಿ ಅಂತ ಸಮಾಧಾನ ಹೇಳಿದಳು. ತಂಗಿ ನನ್ನನ್ನೇ ನೋಡಿದಳು. ನನ್ನ ಹೆಸರು ಹೇಳುತ್ತಾರೆ ಅಂದುಕೊಂಡಿದ್ದೆ ಅಂತ ನಕ್ಕಳು. ಆ ನಗುವಿನಲ್ಲಿ ನನ್ನ ಮೇಲೆ ಒಂದಿಷ್ಟೂ ಅನುಮಾನವಿರಲಿಲ್ಲ.

ಮರುದಿನ ಟೀಚರಿಗೆ ಇನ್ನೊಂದು ಸುಳ್ಳು. ಅಮ್ಮ ದೊಡ್ಡವಳನ್ನೇ ಕಳಿಸುತ್ತಾಳಂತೆ, ಚಿಕ್ಕವಳು ಕೆಲಸಕ್ಕೆ ಬೇಕಂತೆ ಅಂದೆ. ಟೀಚರು ಮುಖ ಸಿಂಡರಿಸಿಕೊಂಡರು. ನಿಮ್ಮ ಜನಕ್ಕೆ ಗೂಡು ಗೊತ್ತು, ನೂಲು ಗೊತ್ತು, ಮಕ್ಕಳು ಗೊತ್ತಿಲ್ಲ ಅಂದರು. ನನ್ನ ಅಮ್ಮನಿಗೆ ಅಂದ ಆ ಮಾತನ್ನು ನಾನು ತಲೆ ತಗ್ಗಿಸಿ ಕೇಳಿಸಿಕೊಂಡೆ. ಮೊದಲನೆಯ ಸುಳ್ಳಿಗೆ ಆಸೆಯಾದರೂ ಇತ್ತು. ಇದು ಬರೀ ಹೇಡಿತನ. ಇವತ್ತಿಗೂ ನನಗೆ ಹೆಚ್ಚು ಅಸಹ್ಯವಾಗುವುದು ಈ ಎರಡನೆಯದರ ಬಗ್ಗೆಯೇ.

ವೀಣೆ ಮನೆಗೆ ಬಂತು. ನಡುಮನೆಯಲ್ಲಿ ಚಾಪೆ ಹಾಸಿ, ಬೆಳಗ್ಗೆ ಐದಕ್ಕೆ ನಾನು ವೀಣೆಗೆ, ಅವಳು ತೊಟ್ಟಿಗೆ. ನನ್ನ ಬೆರಳು ತಿಂಗಳೊಳಗೆ ಗಟ್ಟಿಯಾದವು. ಬೆರಳು ಗಟ್ಟಿಯಾದ ಮಾತ್ರಕ್ಕೆ ಕಿವಿ ಬರುತ್ತದೆಯೇ? ನಾನು ತಪ್ಪಿದ ಕಡೆಯೆಲ್ಲ ಹಿಂದಿನಿಂದ, ಚಕ್ರದ ಸದ್ದಿನ ಮಧ್ಯೆ, ಅವಳು ಕೂಗಿ ಹೇಳುತ್ತಿದ್ದಳು. “ಮಧ್ಯಮ ಸಾಲ್ದು ಅಕ್ಕ, ಇನ್ನೊಂಚೂರು ಎಳಿ.” ತಂತಿ ಎಳೆದರೆ ಸ್ವರ ಸರಿಯಾಗುತ್ತಿತ್ತು. ಪರೀಕ್ಷೆಗೆ ನುಡಿಸಬೇಕಿದ್ದ ಇಡೀ ವರ್ಣವನ್ನು ನನಗೆ ತಿದ್ದಿದವಳು ಅವಳೇ, ಒಂದು ಸಲವೂ ತಂತಿ ಮುಟ್ಟದೆ. ನಾನೂ ನಾಚಿಕೆ ಬಿಟ್ಟು ತಿದ್ದಿಸಿಕೊಂಡೆ.

ಅಷ್ಟರಲ್ಲಿ ಅವಳ ಶಾಲೆ ನಿಂತೇಹೋಗಿತ್ತು. ಚಿಂತಾಮಣಿ ಕಡೆಯಿಂದ ಗೂಡು ಜಾಸ್ತಿ ಬರುತ್ತಿದ್ದ ಕಾಲ. ಇಬ್ಬರ ಕೆಲಸ ಒಬ್ಬಳ ಮೇಲೆ ಬಿದ್ದು, ದಿನವೂ ಹೋಗುತ್ತಿದ್ದವಳು ವಾರಕ್ಕೆ ಎರಡು ದಿನಕ್ಕೆ, ಒಂದು ದಿನಕ್ಕೆ ಬಂದಳು, ಆಮೇಲೆ ಅದೂ ಇಲ್ಲ. ಪರೀಕ್ಷೆ ಮುಗಿಯಲಿ, ಮತ್ತೆ ಸೇರುತ್ತೇನೆ ಅನ್ನುತ್ತಿದ್ದಳು.

ಚಿಕ್ಕಬಳ್ಳಾಪುರಕ್ಕೆ ಹೋಗಿ ನುಡಿಸಿ ಬಂದೆ. ಮಧ್ಯಮ ತಪ್ಪಲಿಲ್ಲ. ಸೆಕೆಂಡ್ ಕ್ಲಾಸಿನಲ್ಲಿ ಪಾಸಾದೆ. ಅಮ್ಮ ಬೀದಿಗೆಲ್ಲ ಬೆಲ್ಲ ಹಂಚಿದಳು, ತಂಗಿ ನನ್ನನ್ನು ತಬ್ಬಿಕೊಂಡಳು. ಅಮ್ಮ ಅವತ್ತೇ, ಇನ್ನು ಚಿಕ್ಕವಳ ಸರದಿ, ನೀನು ನೀರಿಗೆ ಬಾ ಅಂದಳು. ಸೀನಿಯರ್‌ಗೆ ಇನ್ನೂ ಎರಡು ವರ್ಷ ಓದಬೇಕು, ನಡುವೆ ಬಿಟ್ಟರೆ ಪಾಸಾದದ್ದೆಲ್ಲ ನೀರುಪಾಲು ಅಂತ ಟೀಚರು ಹೇಳಿದ್ದಾರೆ ಅಂದುಬಿಟ್ಟೆ. ಟೀಚರು ಹಾಗೆ ಹೇಳಿರಲಿಲ್ಲ. ಅಷ್ಟು ಹೊತ್ತಿಗೆ ಟೀಚರ ಬಾಯಿಂದ ನನಗೆ ಬೇಕಾದದ್ದನ್ನು ಆಡಿಸುವುದು ನನಗೆ ರೂಢಿಯಾಗಿತ್ತು.

ಇದಾಗಿ ನಾಲ್ಕೈದು ತಿಂಗಳಿಗೆ ವೀಣೆಯ ತಂತಿ ಹರಿಯಿತು. ನನಗೆ ಜ್ವರ ಬಂದು ಮಲಗಿದ್ದೆ. ತಂಗಿ, ನಾನೇ ಹೋಗಿ ಟೀಚರ ಹತ್ತಿರ ತಂತಿ ಇಸಿದುಕೊಂಡು ಬರುತ್ತೇನೆ ಅಂದಳು. ಬೇಡ ಅಂದೆ, ಜೋರಾಗಿಯೇ ಅಂದೆ. ಅವಳಿಗೆ ಶಾಲೆ ನೋಡುವ ಆಸೆ, ಒಗೆದ ಲಂಗ ಉಟ್ಟು ಆಗಲೇ ಜಡೆ ಹಾಕಿಕೊಂಡಿದ್ದಳು. ಅಮ್ಮ, ಹೋಗಿ ಬರಲಿ ಬಿಡು ಪಾಪ ಅಂದಳು.

ಅವಳು ವಾಪಸು ಬಂದಾಗ ಮಧ್ಯಾಹ್ನ ಮೂರು ಗಂಟೆ. ತಂತಿಯ ಸುರುಳಿಯನ್ನು ನನ್ನ ಹಾಸಿಗೆಯ ಮೇಲಿಟ್ಟು ಪಕ್ಕದಲ್ಲಿ ಕೂತಳು. ಟೀಚರು ಅವಳ ಬೆರಳು ಹಿಡಿದು ನೋಡಿ ಬೇಜಾರು ಮಾಡಿಕೊಂಡರಂತೆ. ನಿನ್ನನ್ನೇ ಬಿಡಿಸು ಅಂತ ನಿಮ್ಮಮ್ಮನಿಗೆ ಹೇಳಿ ಕಳಿಸಿದ್ದೆ, ಅವರಿಗೆ ಮನಸ್ಸು ಬರಲಿಲ್ಲ ಅಂದರಂತೆ. ಈಗಲೂ ತಡವಾಗಿಲ್ಲ, ಮುಂದಿನ ವರ್ಷದ ಪರೀಕ್ಷೆಗೆ ಬಾ, ಅಮ್ಮನನ್ನು ಕೇಳು ಅಂದರಂತೆ. ಇಷ್ಟನ್ನೂ ಅವಳು ಅಳದೆ ಹೇಳಿದಳು. ಮನೆಯ ಹಿಂದೆ ಅಮ್ಮನ ಚರಕ ತಿರುಗುತ್ತಿತ್ತು. ಅಮ್ಮನ ಮೇಲೆ ಟೀಚರು ಹೊರಿಸಿದ ತಪ್ಪು ಯಾರದೆಂದು ಅವಳಿಗೆ ದಾರಿಯಲ್ಲೇ ತಿಳಿದಿತ್ತು.

“ನಿಂಗೆ ಬೇಕಾಗಿತ್ತು ಅಂದಿದ್ರೆ ಕೊಡ್ತಿದ್ದೆ ಅಂತ ಹೇಳಲ್ಲ ಕಣಕ್ಕ. ಕೊಡ್ತಾ ಇರ್ಲಿಲ್ಲ. ಅದು ನಿಂಗೆ ಗೊತ್ತಿತ್ತು, ಅದಕ್ಕೇ ನೀನು ಕೇಳ್ಲಿಲ್ಲ.”

ನಾನು ಗೋಡೆಯ ಕಡೆ ತಿರುಗಿದೆ. ಅವಳು ನನ್ನ ಬೆನ್ನಿಗೇ ಹೇಳಿದಳು.

“ಅಮ್ಮನಿಗೆ ನಾನು ಹೇಳಲ್ಲ. ನಾನು ಹೇಳಿದ್ರೆ ಜಗಳ ಆಗುತ್ತೆ. ನೀನೇ ಹೇಳು. ಹೇಳಿದ್ರೆ ನಾಳೆಯಿಂದಾನೇ ಸ್ಕೂಲಿಗೆ ಬರ್ತೀನಿ.”

ಜ್ವರ ಇಳಿಯಲಿ, ಹೇಳುತ್ತೇನೆ ಅಂದೆ. ಅವಳು ಎದ್ದು ಲಂಗ ಬದಲಾಯಿಸಿ ಹಿಂದಕ್ಕೆ ಹೋದಳು. ಜ್ವರ ಎರಡು ದಿನಕ್ಕೆ ಇಳಿಯಿತು. ಆ ವಾರವೆಲ್ಲ ಅವಳು ಬೆಳಗ್ಗೆ ಒಂಬತ್ತಕ್ಕೆ ಕೈ ತೊಳೆದು ಒಗೆದ ಲಂಗ ಉಟ್ಟು, ಶಾಲೆಯ ಚೀಲ ಪಕ್ಕದಲ್ಲಿಟ್ಟುಕೊಂಡು ಬಾಗಿಲ ಹತ್ತಿರ ಕೂರುತ್ತಿದ್ದಳು. ಇದೇನೇ ಇದು ಅಂತ ಅಮ್ಮ ಕೇಳಿದರೆ ಸುಮ್ಮನೆ ಅನ್ನುತ್ತಿದ್ದಳು. ನಾನು ಅಮ್ಮನಿಗೆ ಏನೂ ಹೇಳದೆ, ಅವಳನ್ನು ದಾಟಿಕೊಂಡು ಹೊಸ ತಂತಿ ಹಾಕಿದ ವೀಣೆಯ ಪಾಠಕ್ಕೆ ಹೋಗುತ್ತಿದ್ದೆ. ಎಂಟನೆಯ ದಿನ ಅವಳು ಬಾಗಿಲ ಹತ್ತಿರ ಇರಲಿಲ್ಲ, ಒಂಬತ್ತಾದರೂ ತೊಟ್ಟಿಯ ಮುಂದೆಯೇ ಕೂತಿದ್ದಳು.