ಫ್ಯೂಸ್ ಮೇಲಿನ ಚುಕ್ಕಿ

ಮುಂಬೈನ ಧಾರಾವಿಯಲ್ಲಿ ಕಾಶಿನಾಥನದೊಂದು ಗಾಳಾ, ಅಂದರೆ ಒಂದೇ ಕೋಣೆಯ ಕಾರ್ಖಾನೆ, ಇತ್ತು. ಹಳೆಯ ಟಿವಿ, ಆಂಪ್ಲಿಫೈಯರ್, ಚಾರ್ಜರುಗಳನ್ನು ಅಲ್ಲಿ ಬಿಚ್ಚುತ್ತಿದ್ದರು. ಒಳಗೆ ಸಿಗುವ ಗಾಜಿನ ಫ್ಯೂಸುಗಳೆಲ್ಲ ದೇವಕ್ಕನ ಪಾಲಿಗೆ. ಹುಣಸೆ ಬೀಜಕ್ಕಿಂತ ತುಸು ಉದ್ದದ ಗಾಜಿನ ನಳಿಕೆ, ಒಳಗೆ ಕೂದಲೆಳೆಯಂಥ ತಂತಿ, ಎರಡು ತುದಿಗೂ ತಗಡಿನ ಟೋಪಿ. ಟೋಪಿಯ ಮೇಲೆ ಕೊರೆದದ್ದನ್ನು ಓದಿ, ತಂತಿ ಹರಿಯದವನ್ನು ಆರಿಸಿ, ಅದರದರ ಡಬ್ಬಿಗೆ ಹಾಕುವುದು ಅವಳ ಕೆಲಸ. ಬೈಕುಲ್ಲಾದ ರಿಪೇರಿ ಅಂಗಡಿಯವರು ಬಂದು ಒಯ್ಯುತ್ತಿದ್ದರು.

ಶಾಲೆಯ ಕಟ್ಟೆ ಹತ್ತಿದವಳಲ್ಲ ದೇವಕ್ಕ. ಗಂಡ ಈರಣ್ಣ ಗೋರೆಗಾಂವ್‌ನ ಒಂದು ಬಿಲ್ಡಿಂಗಿನ ಪರಾಂಚಿಯ ಬಿದಿರಟ್ಟಣಿಗೆಯಿಂದ ಬಿದ್ದು ಸತ್ತ ಮೇಲೆ ಮಗಳು ಸೋನಾಲಿಯನ್ನು ಕಟ್ಟಿಕೊಂಡು ಇಲ್ಲಿಗೆ ಬಂದಿದ್ದಳು. ಅಕ್ಷರ ಕಲಿಸಿದವನು ಕಾಶಿನಾಥನೇ. ಅವನೂ ಅವಳಂತೆ ವಿಜಯಪುರದ ಕಡೆಯವನು.

"ನೋಡವಾ, ಎಫ್ ಇದ್ರ ಫಟ್ ಅಂತ ಹೋಗ್ತದ. ಟಿ ಇದ್ರ ತಡಕೊಂಡು ಹೋಗ್ತದ, ಮಷೀನ್ ಶುರು ಆಗುವಾಗಿನ ಧಕ್ಕಾ ತಾಳ್ತದ. ಎ ಹಿಂದಿನ ಅಂಕಿ ಎಷ್ಟು ಕರೆಂಟ್ ತಾಳ್ತದ ಅನ್ನೋದು. ಎ ಹಿಂದ ಸಣ್ಣ ಎಮ್ ಇದ್ರ ಅದು ಸಾವಿರದಾಗ ಒಂದು ಪಾಲು."

ಇಡೀ ಇಂಗ್ಲಿಷಿನಲ್ಲಿ ಅವಳಿಗೆ ಗೊತ್ತಿದ್ದದ್ದು ಅಷ್ಟೇ ಅಕ್ಷರ. ಅಷ್ಟರಲ್ಲೇ ದುಡಿದು ಅವಳು ಮಗಳನ್ನು ಓದಿಸಿದಳು. ಲೋಕಲ್ ರೈಲಿನಲ್ಲಿ ಕೂತಾಗ ಬೋರ್ಡುಗಳ ಮೇಲೆ ಒಂದು ಎಫ್, ಒಂದು ಟಿ ಕಂಡರೆ ಗುರುತಿನವರು ಸಿಕ್ಕಂತೆ ಹಿಗ್ಗುತ್ತಿದ್ದಳು.

ಸಕ್ಕರೆ ಕಾಯಿಲೆ ಬಂದು ವರ್ಷಗಳೇ ಆಗಿದ್ದವು. ಒಂದು ಮಳೆಗಾಲದಲ್ಲಿ ಎಡಗಣ್ಣಿನೊಳಗೆ ಮಸಿಯ ಎಳೆಗಳು ತೇಲತೊಡಗಿದವು. ದೇವಕ್ಕ ಯಾರಿಗೂ ಹೇಳಲಿಲ್ಲ. ಫ್ಯೂಸನ್ನು ಬಾಗಿಲ ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ಓದಿದಳು. ಓದಲಾಗದ್ದನ್ನು ಅಂದಾಜಿಸಿದಳು.

ಮುನ್ನೂರಾ ಹದಿನೈದು ಮಿಲಿಆಂಪಿಯರ್ ಒಂದು ಡಬ್ಬಿ, ಮೂರು ಬಿಂದು ಒಂದು ಐದು ಆಂಪಿಯರ್ ಇನ್ನೊಂದು. ಅಂಕಿಗಳು ಅವೇ. ನಡುವೆ ಒಂದು ಚುಕ್ಕಿ, ಕೊನೆಗೆ ಒಂದು ಸಣ್ಣ ಎಮ್, ಅಷ್ಟೇ ಅಂತರ. ಆದರೆ ಒಂದು ಇನ್ನೊಂದರ ಹತ್ತು ಪಟ್ಟು.

ಬೈಕುಲ್ಲಾದ ಅಂಗಡಿಯವನು ಒಂದು ದಿನ ಸುಟ್ಟ ಟ್ರಾನ್ಸ್‌ಫಾರ್ಮರ್ ತಂದು ಮೇಜಿನ ಮೇಲೆ ಕುಕ್ಕಿದ. ಸಣ್ಣದಿರಬೇಕಾದ ಕಡೆ ದೊಡ್ಡ ಫ್ಯೂಸ್ ಕೂತಿತ್ತು. ಒಳಗೆಲ್ಲ ಕರಕಲಾದರೂ ಅದರ ತಂತಿ ಮಾತ್ರ ಹರಿದಿರಲಿಲ್ಲ. "ಮನೆಗೆ ಬೆಂಕಿ ಬಿದ್ದಿದ್ದರೆ?" ಎಂದು ಹಿಂದಿಯಲ್ಲಿ ಕೂಗಾಡಿ ಹೋದ.

ಕಾಶಿನಾಥ ಡಬ್ಬಿ ಸುರುವಿ ನೋಡಿದ. ಎರಡೂ ಜಾತಿ ಬೆರೆತಿದ್ದವು. ಒಂದನ್ನೆತ್ತಿ ದೇವಕ್ಕನ ಮುಂದೆ ಹಿಡಿದ.

"ಇದರಾಗ ಚುಕ್ಕಿ ಐತೋ ಇಲ್ಲೋ?"

"ಐತಿ," ಎಂದಳು.

"ಇಲ್ಲ."

ಅವನು ಬಯ್ಯಲಿಲ್ಲ. ಬಯ್ದಿದ್ದರೆ ಅವಳೂ ಎದುರಾಡುತ್ತಿದ್ದಳು. ಡಬ್ಬಿಗಳನ್ನೆಲ್ಲ ಒಟ್ಟಿ, ಟಿವಿ ಬಿಚ್ಚುತ್ತಿದ್ದ ನೇತ್ರಾ ಎಂಬ ಹುಡುಗಿಯ ಮುಂದೆ ಸರಿಸಿದ. "ನೀ ನಾಳಿಂದ ಕೇಬಲ್ ಸುಲಿ, ದೇವಕ್ಕ."

ಸುದ್ದಿ ತಿಳಿದು ಸೋನಾಲಿ ತಾಯಿಯನ್ನು ದೊಡ್ಡಾಸ್ಪತ್ರೆಗೆ ಕರೆದೊಯ್ದಳು. ಹೋದ ದೃಷ್ಟಿ ಬರುವುದಿಲ್ಲ, ಉಳಿದದ್ದನ್ನು ಲೇಸರ್ ಹಿಡಿದು ನಿಲ್ಲಿಸಬಹುದು ಎಂದರು ಡಾಕ್ಟರು. ಹೋದಳು, ಮತ್ತೆ ಹೋದಳು. ಎಡಗಣ್ಣಿನ ದೃಷ್ಟಿ ನಿಲ್ಲಲಿಲ್ಲ.

"ಮಮ್ಮಿ, ಮೊಬೈಲ್‌ಮೇ ಜೂಮ್ ಕರಕೇ ನೋಡು ನಾ," ಎಂದು ಮಗಳು ಫ್ಯೂಸೊಂದನ್ನು ಪರದೆ ತುಂಬ ಹಿಗ್ಗಿಸಿ ತೋರಿಸಿದಳು. ಬಲಗಣ್ಣಿಗೆ ಅಕ್ಷರ ಕಂಡಿತು. ಮಾರನೆಯ ದಿನ ದೇವಕ್ಕ ಆಸೆಯಿಂದ ಕಾಶಿನಾಥನಿಗೆ ಅದನ್ನೇ ಮಾಡಿ ತೋರಿಸಿದಳು. ಅವಳು ಒಂದನ್ನು ಓದುವುದರೊಳಗೆ ನೇತ್ರಾ ಹಿಡಿ ತುಂಬ ವಿಂಗಡಿಸಿಬಿಟ್ಟಿದ್ದಳು. ಕಾಶಿನಾಥ ಮುಖ ಆ ಕಡೆ ಹೊರಳಿಸಿದ. ದೇವಕ್ಕ ಮೊಬೈಲನ್ನು ಸೆರಗಿಗೆ ಒರೆಸಿ ಒಳಗಿಟ್ಟುಕೊಂಡಳು.

ಕೇಬಲ್ ಸುಲಿಯಲು ಓದು ಬೇಕಿಲ್ಲ. ಚಾಕುವಿನಿಂದ ಪ್ಲಾಸ್ಟಿಕ್ ಸೀಳಿ ತಾಮ್ರ ಎಳೆಯುವುದು. ಬೆರಳು ಕುಯ್ದರೆ ಗಾಯ ಬೇಗ ಮಾಯುತ್ತಿರಲಿಲ್ಲ. ಅವಳು ಬಟ್ಟೆ ಸುತ್ತಿಕೊಂಡು ಕೂರುತ್ತಿದ್ದಳು.

ದೀಪಾವಳಿ ಮುಗಿದ ಮೇಲೊಂದು ಮಧ್ಯಾಹ್ನ ಬಲಗಣ್ಣಿನ ಮೂಲೆಯಿಂದಲೂ ಕಪ್ಪು ಎಳೆಯೊಂದು ಇಳಿಯಿತು. ರೆಪ್ಪೆ ಬಡಿದರೂ ಹೋಗಲಿಲ್ಲ. ಅದೇ ಹೊತ್ತಿಗೆ ಮೊಬೈಲ್ ಗುಂಯ್‌ಗುಟ್ಟಿತು.

"ಮಮ್ಮಿ, ಸಬ್ ಠೀಕ್?"

"ಠೀಕ್ ಐತಿ. ನೀ ಊಟಾ ಮಾಡು."

ಫೋನು ಕೆಳಗಿಟ್ಟು, ಮುಂದಿನ ಕೇಬಲಿಗಾಗಿ ನೆಲದ ಮೇಲೆ ಕೈಯಾಡಿಸಿದಳು.